ಮನೆ ಹುಡುಕುವ ಕೆಲಸ: ಬೆಳೆಯುತ್ತಿರುವ ಕೊಡಗಿನ ಊರುಗಳಲ್ಲಿ ಟಪಾಲು ಹೇಗೆ ತಲುಪುತ್ತದೆ, ಎಲ್ಲಿ ತಪ್ಪುತ್ತದೆ

ಕಳೆದ ಮಳೆಗಾಲದಲ್ಲಿ ನಮ್ಮ ಅತ್ತೆಗೆ ಬರಬೇಕಿದ್ದ ಎಟಿಎಂ ಕಾರ್ಡು ಬರಲೇ ಇಲ್ಲ. ಬ್ಯಾಂಕಿನಲ್ಲಿ ಕೇಳಿದರೆ ಕಳಿಸಿ ಆಯಿತು ಅಂದರು. ಟ್ರ್ಯಾಕಿಂಗ್ ನಂಬರ್ ಹಾಕಿ ನೋಡಿದೆ. ಕವರ್ ಮೈಸೂರು ದಾಟಿ ನಮ್ಮೂರಿನವರೆಗೂ ಬಂದಿತ್ತು. ಅಲ್ಲಿಂದ ವಾಪಸ್ ಹೋಗಿತ್ತು. ಕಾರಣ, ವಿಳಾಸ ಸಾಲದು. ಬ್ಯಾಂಕಿನ ದಾಖಲೆಯಲ್ಲಿ ಇದ್ದದ್ದು ಅತ್ತೆಯ ಹೆಸರು, ‘ಶಾಲೆ ಹತ್ತಿರ, ಹೊಸ ಬಡಾವಣೆ’ ಅಂತ ಒಂದು ಸಾಲು, ಊರು, ಪಿನ್ ಕೋಡ್. ಅಷ್ಟೇ.

ಅತ್ತೆ ಕೇಳಿದ್ದು ಒಂದೇ ಮಾತು. “ಇಪ್ಪತ್ತು ವರ್ಷ ಇದೇ ವಿಳಾಸಕ್ಕೆ ಕಾಗದ ಬಂದಿದೆ. ಈಗ ಯಾಕೆ ಬರಲ್ಲ?”

ಕೊಡಗಿನಲ್ಲಿ ಈ ಪ್ರಶ್ನೆ ಕೇಳುವವರು ಜಾಸ್ತಿಯಾಗುತ್ತಿದ್ದಾರೆ. ಪತ್ರ ಬರೆಯುವುದು ನಿಂತರೂ ಪ್ಯಾನ್ ಕಾರ್ಡು, ಡ್ರೈವಿಂಗ್ ಲೈಸೆನ್ಸ್, ಗಾಡಿಯ ಆರ್‌ಸಿ, ಪಾಸ್‌ಪೋರ್ಟ್ ಇವೆಲ್ಲ ಮನೆಗೆ ಬರುವುದು ಅಂಚೆಯಲ್ಲೇ. 2025ರಲ್ಲಿ ರಿಜಿಸ್ಟರ್ ಪೋಸ್ಟ್ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಯಿತು. ಅದೇ ವರ್ಷ ಡಿಜಿಪಿನ್ ಅನ್ನುವ ಹೊಸ ಗುರುತೂ ಬಂತು. ಇದೆಲ್ಲ ಏನು, ಮನೆ ಬಾಗಿಲಿಗೆ ಕಾಗದ ತಲುಪುವುದರಲ್ಲಿ ಕಷ್ಟ ಎಲ್ಲಿದೆ ಅಂತ ಮೊದಲಿನಿಂದ ನೋಡೋಣ.

ಕವರ್ ಬರುವ ದಾರಿ

ಕೊಡಗಿಗೆ ರೈಲಿಲ್ಲ. ಹಾಗಾಗಿ ಟಪಾಲು ಬರುವುದು ರಸ್ತೆಯಲ್ಲೇ. ಬೆಂಗಳೂರಿನಲ್ಲಿ ಹಾಕಿದ ಕವರ್ ಮೈಸೂರಿನ ವಿಂಗಡಣೆ ಕೇಂದ್ರಕ್ಕೆ ಬರುತ್ತದೆ. ಇದನ್ನು ಆರ್‌ಎಂಎಸ್, ಅಂದರೆ ರೈಲ್ವೆ ಮೇಲ್ ಸರ್ವಿಸ್ ಅನ್ನುತ್ತಾರೆ. ರೈಲಿನಲ್ಲೇ ಟಪಾಲು ವಿಂಗಡಿಸುತ್ತಿದ್ದ ಕಾಲದ ಹೆಸರು ಅದು, ಈಗಲೂ ಉಳಿದುಕೊಂಡಿದೆ. ಅಲ್ಲಿ ಊರೂರಿಗೆ ಬೇರೆ ಬೇರೆ ಚೀಲ ಕಟ್ಟುತ್ತಾರೆ. ಚೀಲಗಳು ವಾಹನ ಹತ್ತಿ ಕೊಡಗಿಗೆ ಬರುತ್ತವೆ.

ಇಲ್ಲಿ ಪೋಸ್ಟಾಫೀಸಿನಲ್ಲಿ ಮೂರು ಹಂತ ಇದೆ. ಮಡಿಕೇರಿಯಲ್ಲಿ ಹೆಡ್ ಪೋಸ್ಟಾಫೀಸು. ಅದರ ಕೆಳಗೆ ದೊಡ್ಡ ಊರುಗಳ ಸಬ್ ಪೋಸ್ಟಾಫೀಸುಗಳು. ಅದರ ಕೆಳಗೆ ಹಳ್ಳಿಗಳ ಬ್ರಾಂಚ್ ಪೋಸ್ಟಾಫೀಸುಗಳು. ಬ್ರಾಂಚ್ ಅಂದರೆ ಎಷ್ಟೋ ಕಡೆ ಒಂದು ಮನೆಯ ಮುಂದಿನ ಕೋಣೆ, ಒಂದು ಮೇಜು, ಒಂದು ಮುದ್ರೆ. ಅದನ್ನು ನಡೆಸುವವರು ಗ್ರಾಮೀಣ ಡಾಕ್ ಸೇವಕರು. ಇವರು ಪೂರ್ತಿ ದಿನದ ಸರ್ಕಾರಿ ನೌಕರರಲ್ಲ. ದಿನಕ್ಕೆ ನಾಲ್ಕೋ ಐದೋ ಗಂಟೆಯ ಕೆಲಸ ಅಂತ ಲೆಕ್ಕ, ಅದಕ್ಕೆ ತಕ್ಕ ಭತ್ಯೆ. ದೇಶದಲ್ಲಿ 1.64 ಲಕ್ಷಕ್ಕೂ ಹೆಚ್ಚು ಪೋಸ್ಟಾಫೀಸುಗಳಿವೆ. ಹತ್ತರಲ್ಲಿ ಒಂಬತ್ತು ಹಳ್ಳಿಗಳಲ್ಲೇ ಇವೆ. ಅಂದರೆ ನಮ್ಮ ಅಂಚೆ ನಿಂತಿರುವುದೇ ಇವರ ಮೇಲೆ.

ಮೈಸೂರಿನಿಂದ ಊರಿನ ಪೋಸ್ಟಾಫೀಸಿನ ತನಕ ಕೆಲಸ ಸಲೀಸು. ಸಾವಿರ ಕವರ್ ಒಂದೇ ಗಾಡಿಯಲ್ಲಿ ಬರುತ್ತವೆ. ಅಲ್ಲಿಂದ ಮುಂದೆ ಸಾವಿರ ಕವರ್‌ಗೆ ಸಾವಿರ ಬಾಗಿಲು. ಕಷ್ಟ ಶುರುವಾಗುವುದೇ ಇಲ್ಲಿ.

ಪಿನ್ ಕೋಡ್ ಎಲ್ಲಿಯ ತನಕ ಕರೆದುಕೊಂಡು ಹೋಗುತ್ತದೆ?

ಪಿನ್ ಕೋಡ್ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಒಂದೇ ಹೆಸರಿನ ಊರುಗಳು, ಒಂದೇ ಊರಿಗೆ ಎರಡು ಮೂರು ಹೆಸರುಗಳು, ಹತ್ತಾರು ಲಿಪಿಗಳು, ಇವುಗಳ ನಡುವೆ ವಿಂಗಡಿಸುವವರು ಒದ್ದಾಡುತ್ತಿದ್ದರು. ಅದಕ್ಕೆ ಕಂಡುಕೊಂಡ ಉಪಾಯ ಇದು.

ನಮ್ಮ ಸಿದ್ದಾಪುರವನ್ನೇ ತೆಗೆದುಕೊಳ್ಳಿ. ಉತ್ತರ ಕನ್ನಡದಲ್ಲೂ ಒಂದು ಸಿದ್ದಾಪುರ ಇದೆ. ಕೊಡಗಿನದಕ್ಕೆ 571253, ಅಲ್ಲಿಯದಕ್ಕೆ 581355. ಮಡಿಕೇರಿಯನ್ನು ಹಳಬರು ಇನ್ನೂ ಮರ್ಕೆರಾ ಅಂತ ಬರೆಯುತ್ತಾರೆ. ಕುಶಾಲನಗರ ಒಂದು ಕಾಲಕ್ಕೆ ಫ್ರೇಜರ್‌ಪೇಟೆ. ಹೆಸರು ಯಾವುದಾದರೂ ಬರೆಯಿರಿ, 571201 ಅಂತ ಇದ್ದರೆ ಕವರ್ ಮಡಿಕೇರಿಗೆ ಬರುತ್ತದೆ, 571234 ಅಂತ ಇದ್ದರೆ ಕುಶಾಲನಗರಕ್ಕೆ.

ಆರು ಅಂಕಿಗಳಿಗೂ ಅರ್ಥ ಇದೆ. ಮೊದಲ 5 ಅಂದರೆ ಕರ್ನಾಟಕ, ಆಂಧ್ರ, ತೆಲಂಗಾಣ ಸೇರಿದ ವಲಯ. ಎರಡನೆಯ ಅಂಕಿ ಅದರೊಳಗಿನ ಉಪವಲಯ. ಮೂರನೆಯದು ವಿಂಗಡಣೆಯ ಜಿಲ್ಲೆ. 571 ಅಂದ ಕೂಡಲೇ ಮೈಸೂರು, ಕೊಡಗಿನ ಕಡೆ ಅಂತ ಗೊತ್ತಾಗುತ್ತದೆ. ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಪೋಸ್ಟಾಫೀಸು.

ಇಲ್ಲೊಂದು ಮಾತು ಗಮನಿಸಿ. ಪಿನ್ ಕೋಡ್ ತೋರಿಸುವುದು ಪೋಸ್ಟಾಫೀಸನ್ನು, ನಿಮ್ಮ ಮನೆಯನ್ನಲ್ಲ. ನಾವು ಸುಮ್ನೆ ‘ಪಿನ್ ಹಾಕಿದ್ದೀನಲ್ಲ, ಬರುತ್ತೆ’ ಅಂದುಕೊಳ್ಳುತ್ತೇವೆ. ಪಿನ್ ಅಂದರೆ ಬಸ್‌ಸ್ಟ್ಯಾಂಡ್‌ವರೆಗೆ ಬಂದ ನೆಂಟರ ಹಾಗೆ. ಅಲ್ಲಿಂದ ಮನೆಗೆ ಬರುವ ದಾರಿಯನ್ನು ಬೇರೆಯೇ ಹೇಳಬೇಕು.

ಊರು ಬೆಳೆದ ಹಾಗೆ ಪಿನ್‌ನ ಗಡಿಗಳೂ ಗೋಜಲಾಗುತ್ತವೆ. ಕುಶಾಲನಗರದ ಸೇತುವೆ ದಾಟಿದರೆ ಮೈಸೂರು ಜಿಲ್ಲೆ. ಬೈಲಕುಪ್ಪೆಯ ಪಿನ್ 571104. ಸಂತೆ, ಆಸ್ಪತ್ರೆ, ಮಕ್ಕಳ ಶಾಲೆ ಎಲ್ಲ ಕುಶಾಲನಗರದಲ್ಲೇ ಇರುವವರು ಅಭ್ಯಾಸಬಲದಿಂದ ಕುಶಾಲನಗರದ ಪಿನ್ ಬರೆದುಬಿಡುತ್ತಾರೆ. ಆಗ ಕವರ್ ಮೊದಲು ಹೊಳೆಯ ಈಚೆಗೆ ಬಂದು, ಸೇರಬೇಕಾದ ಆಫೀಸಿಗೆ ಮತ್ತೆ ಸುತ್ತಿಕೊಂಡು ಹೋಗಬೇಕಾಗುತ್ತದೆ.

ಬೀಟ್: ಒಬ್ಬರ ತಲೆಯೊಳಗಿನ ನಕ್ಷೆ

ಒಬ್ಬ ಪೋಸ್ಟ್‌ಮ್ಯಾನ್ ದಿನಾ ಸುತ್ತುವ ಪ್ರದೇಶಕ್ಕೆ ಬೀಟ್ ಅನ್ನುತ್ತಾರೆ. ಬೆಳಿಗ್ಗೆ ಚೀಲ ಬಿಚ್ಚಿದ ಮೇಲೆ ಮೊದಲ ಕೆಲಸ ಬೀಟ್ ಪ್ರಕಾರ ಹಂಚುವುದು. ಮಡಿಕೇರಿಯಲ್ಲಾದರೆ ಮಹದೇವಪೇಟೆಯದು ಈ ಕಡೆ, ದೇಚೂರಿನದು ಆ ಕಡೆ, ಸ್ಟೀವರ್ಟ್ ಹಿಲ್‌ನದು ಇನ್ನೊಂದು ಕಡೆ.

ಆಮೇಲಿನ ಕೆಲಸ ನೋಡಲು ಚೆಂದ. ಪೋಸ್ಟ್‌ಮ್ಯಾನ್ ತನ್ನ ಪಾಲಿನ ಕವರ್‌ಗಳನ್ನು ಇಸ್ಪೀಟ್ ಎಲೆಗಳ ಹಾಗೆ ಕೈಯಲ್ಲಿ ಹಿಡಿದು ಒಂದೊಂದಾಗಿ ಜೋಡಿಸುತ್ತಾ ಹೋಗುತ್ತಾರೆ. ಮನೆ ನಂಬರ್ ಪ್ರಕಾರವಲ್ಲ, ನಡೆಯುವ ದಾರಿಯ ಪ್ರಕಾರ. ಮೊದಲು ಸಿಗುವ ಮನೆ ಮೇಲೆ, ಕೊನೆಗೆ ಸಿಗುವ ಮನೆ ಕೆಳಗೆ. ಕಣ್ಣು ಕವರ್ ಮೇಲಿದ್ದರೂ ಮನಸ್ಸು ಆಗಲೇ ಬೀದಿಯಲ್ಲಿ ನಡೆಯುತ್ತಿರುತ್ತದೆ. ಈ ಜೋಡಣೆ ತಪ್ಪಿದರೆ ಮಡಿಕೇರಿಯಂಥ ಊರಿನಲ್ಲಿ ಹತ್ತಿದ ಮೆಟ್ಟಿಲನ್ನೇ ಮತ್ತೆ ಹತ್ತಬೇಕು.

ಅತ್ತೆಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಇಪ್ಪತ್ತು ವರ್ಷ ಕಾಗದ ತಲುಪಿದ್ದು ವಿಳಾಸ ಸರಿ ಇದ್ದದ್ದರಿಂದ ಅಲ್ಲ. ಪೋಸ್ಟ್‌ಮ್ಯಾನ್‌ಗೆ ಅತ್ತೆ ಗೊತ್ತಿದ್ದರು. ಹೆಸರು ಓದಿದ ಕೂಡಲೇ ‘ಓ, ಹಸಿರು ಗೇಟಿನ ಮನೆ’ ಅಂತ ಅವರಿಗೆ ಹೊಳೆಯುತ್ತಿತ್ತು. ಆ ನಕ್ಷೆ ಯಾವ ಪುಸ್ತಕದಲ್ಲೂ ಪೂರ್ತಿ ಬರೆದಿರಲಿಲ್ಲ. ಅವರು ನಿವೃತ್ತರಾದ ದಿನ ಅದೂ ಅವರ ಜೊತೆ ಮನೆಗೆ ಹೋಯಿತು.

ಹೊಸಬರು ಬಂದಾಗ ಕಲಿಯಲು ತಿಂಗಳುಗಳೇ ಬೇಕು. ಗ್ರಾಮೀಣ ಡಾಕ್ ಸೇವಕರ ಆಯ್ಕೆ ಈಗ ಹತ್ತನೇ ತರಗತಿಯ ಅಂಕದ ಮೇಲೆ, ಆನ್‌ಲೈನ್ ಅರ್ಜಿಯಲ್ಲಿ ಆಗುತ್ತದೆ. ಬೇರೆ ಜಿಲ್ಲೆಯ ಹುಡುಗ, ಹುಡುಗಿಯರೂ ಬರುತ್ತಾರೆ. ಕನ್ನಡ ಬರುತ್ತದೆ, ಓದು ಚೆನ್ನಾಗಿದೆ, ಆದರೆ ಊರು ಹೊಸದು. ಯಾವ ತಿರುವಿನಲ್ಲಿ ಯಾರ ಮನೆ ಅನ್ನುವುದನ್ನು ಅವರು ಕೇಳಿ ಕೇಳಿಯೇ ತಿಳಿಯಬೇಕು.

ಊರು ಬೆಳೆದಾಗ ನಿಜಕ್ಕೂ ಏನಾಗುತ್ತದೆ?

ಉಳಿದ ಅರ್ಧ ಉತ್ತರ ಇಲ್ಲಿದೆ. ‘ಹೊಸ ಬಡಾವಣೆ, ಶಾಲೆ ಹತ್ತಿರ’ ಅಂತ ಅತ್ತೆ ಬರೆಸಿದಾಗ ಅಲ್ಲಿ ಇದ್ದದ್ದು ಹತ್ತಿಪ್ಪತ್ತು ಮನೆ. ಈಗ ಅಲ್ಲೇ ಮೂರು ಅಡ್ಡರಸ್ತೆ, ಬಾಡಿಗೆ ಮನೆಗಳ ಕಟ್ಟಡ, ಹಾಸ್ಟೆಲ್. ಶಾಲೆಯೂ ಎರಡಾಗಿದೆ. ವಿಳಾಸ ಬದಲಾಗಲಿಲ್ಲ, ಅದರ ಸುತ್ತ ಊರೇ ಬದಲಾಯಿತು.

ಮನೆ ನಂಬರ್ ಇದೆಯಲ್ಲ ಅಂತ ನೀವು ಕೇಳಬಹುದು. ನಮ್ಮ ಊರುಗಳಲ್ಲಿ ಮನೆ ನಂಬರ್ ಮುಖ್ಯವಾಗಿ ಕಂದಾಯಕ್ಕಾಗಿ ಕೊಟ್ಟದ್ದು, ದಾರಿ ತೋರಿಸಲು ಅಲ್ಲ. ಕಟ್ಟಿದ ಕಾಲಕ್ಕೆ ತಕ್ಕಂತೆ ನಂಬರ್ ಬೀಳುತ್ತಾ ಹೋಗುತ್ತದೆ. ಹೀಗಾಗಿ 12ರ ಪಕ್ಕದಲ್ಲಿ 13 ಇರುವುದಿಲ್ಲ, 147 ಇರುತ್ತದೆ. ಒಂದು ಸೈಟು ಭಾಗವಾದರೆ ನಂಬರಿಗೆ ಬಾಲ ಹುಟ್ಟುತ್ತದೆ. ಮೇಲೆ ಒಂದು ಮಹಡಿ ಎತ್ತಿ ಬಾಡಿಗೆಗೆ ಕೊಟ್ಟರೆ ನಾಲ್ಕು ಸಂಸಾರಕ್ಕೆ ಒಂದೇ ನಂಬರ್. ಗ್ರಾಮ ಪಂಚಾಯಿತಿಯ ಜಾಗ ಪಟ್ಟಣಕ್ಕೆ ಸೇರಿದರೆ ಹಳೆಯ ನಂಬರ್ ಒಂದು, ಹೊಸದು ಇನ್ನೊಂದು. ಕುಶಾಲನಗರಕ್ಕೆ ಮುಳ್ಳುಸೋಗೆ ಸೇರಿದಂಥ ಕಡೆಗಳಲ್ಲಿ ಜನರ ಆಧಾರ್ ಒಂದು ವಿಳಾಸ ಹೇಳಿದರೆ, ಕರೆಂಟ್ ಬಿಲ್ ಇನ್ನೊಂದು ಹೇಳುವುದಿದೆ.

ಮಡಿಕೇರಿಯ ಕಷ್ಟ ಬೇರೆ. ಅದು ಗುಡ್ಡದ ಮೈಮೇಲೆ ಕಟ್ಟಿದ ಊರು. ನಕ್ಷೆಯಲ್ಲಿ ಎರಡು ಮನೆಗಳ ನಡುವೆ ಮೂವತ್ತು ಮೀಟರ್. ಕಾಲಿಗೆ ಮಾತ್ರ ಅದು ಎಂಬತ್ತು ಮೆಟ್ಟಿಲು. ರಸ್ತೆಯಿಂದ ನೋಡಿದರೆ ಮನೆ ಕಾಣುವುದಿಲ್ಲ, ಮಾಡು ಮಾತ್ರ ಕಾಣುತ್ತದೆ. ಬೈಕ್ ಮೇಲೆ ನಿಲ್ಲಿಸಿ ಕೆಳಗಿಳಿದು, ಕಾಗದ ಕೊಟ್ಟು, ಸಹಿ ಹಾಕಿಸಿಕೊಂಡು, ಮತ್ತೆ ಹತ್ತಬೇಕು.

ಮನೆಗಳು ಹೆಚ್ಚಾದಷ್ಟು ಬೇಗ ಪೋಸ್ಟ್‌ಮ್ಯಾನ್‌ಗಳ ಹುದ್ದೆ ಹೆಚ್ಚಾಗುವುದಿಲ್ಲ. ಹೊಸ ಬಡಾವಣೆ ಹುಟ್ಟಿದರೆ ಅದನ್ನು ಇದ್ದ ಬೀಟ್‌ಗಳಿಗೇ ಹಂಚಬೇಕು. ಮೊದಲೇ ತುಂಬಿದ ಬಸ್ಸಿಗೆ ಇನ್ನಷ್ಟು ಜನ ಹತ್ತಿಸಿದ ಹಾಗೆ. ಬಸ್ ಓಡುತ್ತದೆ, ಆದರೆ ಪ್ರತಿ ಸ್ಟಾಪ್‌ನಲ್ಲೂ ತಡ.

ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೇ ವಿಶೇಷ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಮನೆ ಕಳೆದುಕೊಂಡವರಿಗೆ ಜಂಬೂರು, ಮದೆ, ಕರ್ಣಂಗೇರಿಯಲ್ಲಿ ಹೊಸ ಮನೆಗಳಾದವು. ಒಂದಿಡೀ ಊರೇ ಹೊಸದಾಗಿ ಎದ್ದು ನಿಂತಿತು. ಮನೆಗಳು ಒಂದೇ ಥರ, ಬೇರೆ ಬೇರೆ ಹಳ್ಳಿಯಿಂದ ಬಂದ ಜನ ಅಕ್ಕಪಕ್ಕ. ಅವರ ಬ್ಯಾಂಕ್, ಎಲ್‌ಐಸಿ, ಗಾಡಿಯ ಕಾಗದಗಳಲ್ಲಿ ಹಳೆಯ ಊರಿನ ಹೆಸರೇ ಉಳಿದಿದ್ದರೆ, ಕಾಗದ ಹೋಗುವುದು ಇಲ್ಲವಾದ ಮನೆಗೆ. ಇದನ್ನು ಬರೆಯುವಾಗಲೂ ಮನಸ್ಸು ಭಾರವಾಗುತ್ತದೆ. ಮನೆ ಹೋದದ್ದು ಒಂದು ನೋವು, ಅದರ ವಿಳಾಸ ವರ್ಷಗಟ್ಟಲೆ ಹಿಂಬಾಲಿಸುವುದು ಇನ್ನೊಂದು.

ತೋಟದ ಗೇಟು, ಲೈನ್‌ಮನೆ

ಪಟ್ಟಣದಲ್ಲಿ ಒಂದು ಕಿಲೋಮೀಟರ್ ನಡೆದರೆ ಐವತ್ತು ಮನೆಗೆ ಕಾಗದ ಕೊಡಬಹುದು ಅಂದುಕೊಳ್ಳಿ. ಕಾಫಿ ತೋಟದ ಕಡೆ ಒಂದು ಕಿಲೋಮೀಟರ್ ನಡೆದರೆ ಒಂದು ಮನೆ ಸಿಗಬಹುದು. ಇಬ್ಬರಿಗೂ ಅಂಚೆಯ ದರ ಒಂದೇ. ಪೋಸ್ಟ್ ಕಾರ್ಡಿನ ಬೆಲೆ ಈಗಲೂ 50 ಪೈಸೆ. ಅದನ್ನು ತಲುಪಿಸಲು ತಗಲುವ ಖರ್ಚು ಅದಕ್ಕಿಂತ ಎಷ್ಟೋ ಜಾಸ್ತಿ. ಖಾಸಗಿ ಕೊರಿಯರ್‌ನವರು ಇಂಥ ಕಡೆ ಬರುವುದಿಲ್ಲ, ಅಥವಾ ‘ಪೇಟೆಗೆ ಬಂದು ತಗೊಂಡು ಹೋಗಿ’ ಅಂತ ಫೋನ್ ಮಾಡುತ್ತಾರೆ. ಅಂಚೆಯವರು ಹಾಗೆ ಊರು ಆರಿಸಿಕೊಳ್ಳುವಂತಿಲ್ಲ.

ದೊಡ್ಡ ತೋಟಗಳಲ್ಲಿ ಹಳೆಯ ಪದ್ಧತಿ ಒಂದಿದೆ. ತೋಟದ ಆಳು ಚೀಲ ಹಿಡಿದು ಪೋಸ್ಟಾಫೀಸಿಗೆ ಹೋಗಿ ಎಲ್ಲರ ಟಪಾಲನ್ನೂ ತರುತ್ತಾನೆ. ತೋಟದ ಆಫೀಸಿನಲ್ಲಿ ಲೆಕ್ಕ ಬರೆಯುವ ರೈಟರ್ ಅದನ್ನು ಹಂಚುತ್ತಾರೆ. ಮಾಲೀಕರಿಗೆ ಇದು ಅನುಕೂಲ. ಆದರೆ ಲೈನ್‌ಮನೆಯಲ್ಲಿರುವವರ ಕಾಗದ ಇನ್ನೊಂದು ಕೈ ದಾಟಿ ಬರಬೇಕು.

ಲೈನ್‌ಮನೆ ಅಂದರೆ ಕೆಲಸದವರಿಗಾಗಿ ಸಾಲಾಗಿ ಕಟ್ಟಿದ ಮನೆಗಳು. ಅಸ್ಸಾಮಿನಿಂದ ಬಂದ ಒಬ್ಬ ಹುಡುಗ ಅಲ್ಲಿದ್ದಾನೆ ಅಂದುಕೊಳ್ಳಿ. ಅವನ ಬ್ಯಾಂಕ್ ವಿಳಾಸದಲ್ಲಿ ಇರುವುದು ತೋಟದ ಹೆಸರು ಮಾತ್ರ. ಲೈನಿನ ಎಷ್ಟನೇ ಮನೆ ಅಂತ ಇಲ್ಲ. ಕೊಯ್ಲು ಮುಗಿದ ಮೇಲೆ ಅವನು ಇನ್ನೊಂದು ತೋಟಕ್ಕೆ ಹೋಗಿದ್ದಾನೆ. ಕವರ್ ಮೇಲಿನ ಹೆಸರನ್ನು ಓದಿದರೆ ರೈಟರ್‌ಗೆ ಗುರುತು ಸಿಗುವುದಿಲ್ಲ, ಯಾಕೆಂದರೆ ಅಲ್ಲಿ ಎಲ್ಲರೂ ಅವನನ್ನು ಕರೆಯುವುದು ಬೇರೆಯೇ ಹೆಸರಿನಿಂದ. ಪೈಸಾರಿ, ಅಂದರೆ ಸರ್ಕಾರಿ ಜಾಗದ ಮನೆಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಹಕ್ಕುಪತ್ರ ಆಗದ ಮನೆಗೆ ಎಷ್ಟೋ ಕಡೆ ನಂಬರೇ ಬಿದ್ದಿರುವುದಿಲ್ಲ. ಅಂಚೆ ಹೆಚ್ಚು ಬೇಕಾಗಿರುವವರಿಗೇ ವಿಳಾಸ ಕಡಿಮೆ ಇರುವುದು ಈ ವಿಷಯದಲ್ಲಿ ನನಗೆ ಹೆಚ್ಚು ಕಾಡುವ ಸಂಗತಿ.

ಕೊಡವ ಹೆಸರುಗಳದ್ದೂ ಒಂದು ತೊಡಕಿದೆ. ಇಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ವ್ಯಕ್ತಿಯ ಹೆಸರು ಆಮೇಲೆ. ಬ್ಯಾಂಕಿನ ಫಾರಂ ಇದನ್ನು ಹಿಂದುಮುಂದು ಮಾಡುತ್ತದೆ, ಅಥವಾ ಮನೆತನದ ಹೆಸರನ್ನು ಒಂದು ಅಕ್ಷರಕ್ಕೆ ಇಳಿಸಿಬಿಡುತ್ತದೆ. ಒಂದೇ ಒಕ್ಕದ, ಅಂದರೆ ಒಂದೇ ಮನೆತನದ ಎಂಟು ಹತ್ತು ಮನೆಗಳು ಇರುವ ಊರಿನಲ್ಲಿ ಆ ಹೆಸರು ಪೂರ್ತಿ ಇದ್ದರೇ ಹುಡುಕುವುದು ಕಷ್ಟ. ಅದೂ ಇಲ್ಲದಿದ್ದರೆ ಊಹೆಯೇ ಗತಿ.

ಸಿದ್ದಾಪುರ, ಪಾಲಿಬೆಟ್ಟದ ಕಡೆ ತೋಟದ ದಾರಿಯಲ್ಲಿ ಆನೆ ನಿಂತಿದ್ದರೆ ಆ ದಿನದ ಸುತ್ತು ಅಲ್ಲಿಗೇ ನಿಲ್ಲುತ್ತದೆ. ಮಳೆಗಾಲದಲ್ಲಿ ಜಿಗಣೆ, ಬಿದ್ದ ಮರ, ಕುಸಿದ ರಸ್ತೆ. ಕವರ್‌ಗಳನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಅದನ್ನು ರೈನ್‌ಕೋಟಿನ ಒಳಗಿಟ್ಟುಕೊಂಡು ಹೋಗುವವರನ್ನು ನೋಡಿದ್ದೇನೆ. ಮೈ ನೆನೆದರೂ ಕಾಗದ ನೆನೆಯಬಾರದು.

ಪತ್ರ ಕಡಿಮೆಯಾದರೆ ಕೆಲಸವೂ ಕಡಿಮೆಯಾಗಬೇಕಲ್ವಾ?

ಹಾಗೆ ಅನಿಸುತ್ತದೆ, ಆದರೆ ಆಗಿಲ್ಲ. ಮೊದಲು ಪತ್ರವನ್ನು ಬಾಗಿಲ ಸಂದಿಯಲ್ಲಿ ತೂರಿಸಿ ಮುಂದೆ ಹೋಗಬಹುದಿತ್ತು. ಈಗ ಬರುವುದರಲ್ಲಿ ಹೆಚ್ಚಿನವು ಸಹಿ ಬೇಕಾದ ಕಾಗದಗಳು ಮತ್ತು ಪಾರ್ಸೆಲ್‌ಗಳು. ಬೆಲ್ ಒತ್ತಿ ಕಾಯಬೇಕು. ಮೊಬೈಲ್ ಆ್ಯಪ್‌ನಲ್ಲಿ ದಾಖಲಿಸಬೇಕು. ಮನೆಗೆ ಬೀಗ ಇದ್ದರೆ ಚೀಟಿ ಬಿಟ್ಟು ಬಂದು, ಕಾಗದವನ್ನು ಪೋಸ್ಟಾಫೀಸಿನಲ್ಲಿ ಇಡಬೇಕು. ಸಾಮಾನ್ಯವಾಗಿ 7 ದಿನ ಕಾದು, ಯಾರೂ ಬರದಿದ್ದರೆ ಕಳಿಸಿದವರಿಗೆ ವಾಪಸ್. ಮಾಲೀಕರು ಬೆಂಗಳೂರಿನಲ್ಲಿದ್ದು ಇಲ್ಲಿ ಹೋಂಸ್ಟೇ ನಡೆಯುವ ಮನೆಗಳಲ್ಲಿ ಸಹಿ ಹಾಕುವವರೇ ಸಿಗುವುದಿಲ್ಲ. ಇದರ ಜೊತೆಗೆ 2018ರ ಸೆಪ್ಟೆಂಬರ್‌ನಿಂದ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕಿನ ಕೆಲಸವೂ ಇದೆ. ಬೆರಳಚ್ಚು ತೆಗೆದುಕೊಂಡು ಅಜ್ಜಿಗೆ ಪಿಂಚಣಿ ಹಣ ಕೊಡುವುದು ಇದೇ ಪೋಸ್ಟ್‌ಮ್ಯಾನ್.

ರಿಜಿಸ್ಟರ್ ಪೋಸ್ಟ್ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ರಿಜಿಸ್ಟರ್ ಪೋಸ್ಟ್ ಹೆಸರಿಗೆ ಅಂಟಿಕೊಂಡಿತ್ತು. ಯಾರ ಹೆಸರಿದೆಯೋ ಅವರಿಗೆ, ಇಲ್ಲವೇ ಅವರು ಬರೆದುಕೊಟ್ಟವರಿಗೆ ಮಾತ್ರ ಕೊಡಬೇಕು. ಸ್ಪೀಡ್ ಪೋಸ್ಟ್ ವಿಳಾಸಕ್ಕೆ ಅಂಟಿಕೊಂಡದ್ದು. ಆ ಮನೆಯಲ್ಲಿ ಇರುವ ಇನ್ನೊಬ್ಬರಿಗೂ ಕೊಡಬಹುದು. 2025ರಲ್ಲಿ ಎರಡೂ ಒಂದಾದವು. ಹೆಸರಿದ್ದವರಿಗೇ ಸೇರಬೇಕು ಅಂದರೆ ಸ್ಪೀಡ್ ಪೋಸ್ಟ್ ಮಾಡುವಾಗ ‘ರಿಜಿಸ್ಟ್ರೇಷನ್’ ಬೇಕು ಅಂತ ಹೇಳಬೇಕು. ಆ ವರ್ಷದ ಅಕ್ಟೋಬರ್ 1ರ ಹೊಸ ದರದ ಪ್ರಕಾರ ಅದಕ್ಕೆ 5 ರೂಪಾಯಿ ಮತ್ತು ಜಿಎಸ್‌ಟಿ. ಒಟಿಪಿ ಹೇಳಿದರೆ ಮಾತ್ರ ಕೊಡುವ ಸೌಲಭ್ಯಕ್ಕೂ ಅಷ್ಟೇ ದರ. ಒಂದು ಎಚ್ಚರಿಕೆ: ನಿಮ್ಮ ತೋಟದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಒಟಿಪಿಯೂ ಸಿಗುವುದಿಲ್ಲ.

ಡಿಜಿಪಿನ್ ಅಂದರೇನು?

2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ಡಿಜಿಪಿನ್ ಬಿಡುಗಡೆ ಮಾಡಿತು. ಐಐಟಿ ಹೈದರಾಬಾದ್ ಮತ್ತು ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಇದಕ್ಕೆ ಕೈಜೋಡಿಸಿವೆ. ಪಿನ್ ಕೋಡ್ ಪೋಸ್ಟಾಫೀಸನ್ನು ತೋರಿಸಿದರೆ, ಡಿಜಿಪಿನ್ ನೆಲದ ಮೇಲಿನ ಜಾಗವನ್ನೇ ತೋರಿಸುತ್ತದೆ.

ಮೈಸೂರುಪಾಕಿನ ತಟ್ಟೆ ನೆನಪಿಸಿಕೊಳ್ಳಿ. ಇಡೀ ಭಾರತ ಆ ತಟ್ಟೆ. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು ಕತ್ತರಿಸಿದರೆ 16 ತುಂಡು. ಪ್ರತಿ ತುಂಡಿಗೂ ಒಂದು ಅಕ್ಷರ ಅಥವಾ ಅಂಕಿ. ನಿಮ್ಮ ಮನೆ ಇರುವ ತುಂಡನ್ನು ಎತ್ತಿಕೊಂಡು ಅದನ್ನೂ 16 ಮಾಡಿ. ಅದಕ್ಕೂ ಒಂದು ಗುರುತು. ಹೀಗೆ ಹತ್ತು ಸಲ ಮಾಡಿದರೆ ಹತ್ತು ಗುರುತುಗಳ ಒಂದು ಸಂಕೇತ ಸಿಗುತ್ತದೆ. ಕೊನೆಗೆ ಉಳಿಯುವ ತುಂಡು ಸುಮಾರು 4 ಮೀಟರ್ ಉದ್ದ, 4 ಮೀಟರ್ ಅಗಲ. ಒಂದು ಕೋಣೆಯಷ್ಟು. ಲೈನ್‌ಮನೆಗೂ ಒಂದು ಸಂಕೇತ ಇದೆ, ನಂಬರ್ ಬೀಳದ ಪೈಸಾರಿ ಮನೆಗೂ ಇದೆ. ಯಾರೂ ಮಂಜೂರು ಮಾಡಬೇಕಿಲ್ಲ.

ಇದರಿಂದ ಆಗದ ಕೆಲಸಗಳೂ ಇವೆ. ಆ ಜಾಗದಲ್ಲಿ ಯಾರಿದ್ದಾರೆ ಅಂತ ಇದು ಹೇಳುವುದಿಲ್ಲ. ಮಹಡಿ ಲೆಕ್ಕಕ್ಕಿಲ್ಲ, ಕೆಳಗಿನ ಮನೆಗೂ ಮೇಲಿನ ಮನೆಗೂ ಒಂದೇ ಸಂಕೇತ. ದಟ್ಟ ಮರಗಳ ಕೆಳಗೆ ಫೋನಿನ ಜಿಪಿಎಸ್ ಹತ್ತಿಪ್ಪತ್ತು ಮೀಟರ್ ಆಚೀಚೆ ತೋರಿಸಬಹುದು, ಹಾಗಾಗಿ ಅಂಗಳಕ್ಕೆ ಬಂದು ತೆಗೆಯುವುದು ಒಳ್ಳೆಯದು. ಮೆಟ್ಟಿಲು ಎಲ್ಲಿಂದ ಇಳಿಯಬೇಕು ಅಂತಲೂ ಅದಕ್ಕೆ ಗೊತ್ತಿಲ್ಲ. ಪಿನ್ ಕೋಡ್ ಬದಲಿಗೆ ಬಂದದ್ದೂ ಅಲ್ಲ. ಪಿನ್ ಬರೆಯಲೇಬೇಕು, ಡಿಜಿಪಿನ್ ಅದರ ಜೊತೆಗೆ.

ನಿಮ್ಮ ವಿಳಾಸ ಹೇಗಿರಬೇಕು?

ಪೂರ್ತಿ ಹೆಸರು, ಮನೆತನದ ಹೆಸರನ್ನು ಮೊಟಕು ಮಾಡದೆ. ಊರಿನಲ್ಲಿ ಎಲ್ಲರೂ ಗುರುತಿಸುವವರು ಮನೆಯಲ್ಲಿ ಬೇರೆ ಯಾರಾದರೂ ಇದ್ದರೆ ಅವರ ಹೆಸರನ್ನೂ ಸೇರಿಸಿ. ಮನೆ ನಂಬರ್ ಜೊತೆ ಮನೆಯ ಹೆಸರು, ಮಹಡಿ. ಆಮೇಲೆ ರಸ್ತೆ ಅಥವಾ ತೋಟದ ಹೆಸರು, ಲೈನ್ ಇದ್ದರೆ ಅದು. ಗುರುತಿಗೆ ಬೇಗ ಬದಲಾಗದ್ದನ್ನು ಕೊಡಿ: ದೇವಸ್ಥಾನ, ಸೇತುವೆ, ನ್ಯಾಯಬೆಲೆ ಅಂಗಡಿ. ‘ಬೇಕರಿ ಹತ್ತಿರ’ ಅಂದರೆ ಬೇಕರಿ ಮುಚ್ಚಿದ ದಿನ ಮನೆಯೂ ಕಳೆದುಹೋಗುತ್ತದೆ. ಹಳ್ಳಿಯಾದರೆ ಗ್ರಾಮದ ಜೊತೆ ಅಂಚೆ ಯಾವುದು ಅಂತ ಬರೆಯಿರಿ, ಎರಡೂ ಒಂದೇ ಆಗಿರಬೇಕಿಲ್ಲ. ಪಿನ್ ಸರಿಯೇ ಅಂತ ಪೋಸ್ಟಾಫೀಸಿನಲ್ಲಿ ಒಮ್ಮೆ ಕೇಳಿ. ಕೊನೆಗೆ ಮೊಬೈಲ್ ನಂಬರ್.

ಮನೆ ಬದಲಿಸಿದ್ದರೆ, ಹಳೆಯ ವಿಳಾಸದ ಪೋಸ್ಟಾಫೀಸಿಗೆ ಹೋಗಿ ಹೊಸ ವಿಳಾಸ ಬರೆದುಕೊಡಬಹುದು. ಸ್ವಲ್ಪ ಕಾಲ ಅವರು ಟಪಾಲನ್ನು ಅಲ್ಲಿಗೇ ತಿರುಗಿಸಿ ಕಳಿಸುತ್ತಾರೆ. ಅಷ್ಟರಲ್ಲಿ ಬ್ಯಾಂಕು, ಆಧಾರ್ ಎಲ್ಲ ಸರಿ ಮಾಡಿಸಿಕೊಳ್ಳಬೇಕು.

ಅತ್ತೆಯ ವಿಳಾಸ ಈಗ ಐದು ಸಾಲಾಗಿದೆ. ಬ್ಯಾಂಕಿನಲ್ಲಿ ಬದಲಾಯಿಸಿ, ಮತ್ತೊಮ್ಮೆ ಅರ್ಜಿ ಹಾಕಿದ ಮೇಲೆ ಕಾರ್ಡು ಬಂತು. ತಂದವಳು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ. ಮೊದಲು ಫೋನ್ ಮಾಡಿ, “ಅಮ್ಮ, ದೇವಸ್ಥಾನದ ಹತ್ತಿರ ಬಂದಿದ್ದೀನಿ, ಎಡಕ್ಕೋ ಬಲಕ್ಕೋ?” ಅಂತ ಕೇಳಿದಳಂತೆ. ಅತ್ತೆ ಗೇಟಿನ ತನಕ ಹೋಗಿ ಕೈ ಬೀಸಿದರು.